ಬಾಯಿ ವಾರೆಯಾದರೆ ವೈದ್ಯರು ಹಣೆಯನ್ನೇಕೆ ನೋಡುತ್ತಾರೆ?

ನಮಸ್ಕಾರ. ಹುಬ್ಬಳ್ಳಿಯ ವೀಕ್ಷಕರೊಬ್ಬರು ಕಳಿಸಿದ ಪ್ರಶ್ನೆಯೊಂದು ನನ್ನ ತಲೆಯಲ್ಲಿ ಕುಳಿತುಬಿಟ್ಟಿದೆ. ಅವರ ತಂದೆ ಬೆಳಿಗ್ಗೆ ಏಳುವಷ್ಟರಲ್ಲಿ ಬಾಯಿ ಒಂದು ಬದಿಗೆ ವಾರೆಯಾಗಿತ್ತು, ಕುಡಿದ ಚಹಾ ತುಟಿಯಂಚಿನಿಂದ ಸೋರುತ್ತಿತ್ತು. ಲಕ್ವಾ ಹೊಡೆದಿದೆ ಎಂದು ಗಾಬರಿಗೊಂಡು ಆಸ್ಪತ್ರೆಗೆ ಕರೆದೊಯ್ದರೆ, ವೈದ್ಯರು ಮೊದಲು ಹೇಳಿದ್ದು ಹುಬ್ಬು ಮೇಲೆತ್ತಿ ಎಂದು. ಕೆಟ್ಟದ್ದು ಬಾಯಿ, ನೋಡಿದ್ದು ಹಣೆ, ಏಕೆ?

ಮೂಲ ಸಂಗತಿಗಳನ್ನು ಬೇಗ ಮುಗಿಸೋಣ. ಮಿದುಳಿನಿಂದ ನೇರವಾಗಿ ಹೊರಡುವ 12 ಜೋಡಿ ಕಪಾಲ ನರಗಳಲ್ಲಿ ಏಳನೆಯದು ಮುಖದ ನರ. ನಗುವುದು, ಹುಬ್ಬುಗಂಟಿಕ್ಕುವುದು, ಕಣ್ಣು ಮುಚ್ಚುವುದು ಅದರ ಕೆಲಸ. ಮುಖದ ಸ್ಪರ್ಶ ಮತ್ತು ನೋವನ್ನು ಮಿದುಳಿಗೆ ತಿಳಿಸುವುದು ಐದನೆಯ ನರ. ಇವೆರಡರ ಕೆಲಸ ಬೇರೆ ಬೇರೆ ಎಂದು 1821ರಲ್ಲಿ ವಿವರಿಸಿದವರು ಸ್ಕಾಟ್ಲೆಂಡಿನ ವೈದ್ಯ ಚಾರ್ಲ್ಸ್ ಬೆಲ್. ಹತ್ತಿಯ ಎಳೆಯಿಂದ ಕಾರ್ನಿಯಾವನ್ನು, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರವನ್ನು, ಮುಟ್ಟಿದಾಗ ತಾಗಿದ ಸುದ್ದಿಯನ್ನು ಐದನೆಯದು ಒಯ್ಯುತ್ತದೆ, ರೆಪ್ಪೆಯನ್ನು ಏಳನೆಯದು ಮುಚ್ಚುತ್ತದೆ. ಒಂದೇ ಮಿಟುಕಿನಲ್ಲಿ ಎರಡು ನರಗಳ ಪರೀಕ್ಷೆ ಆಗಿಬಿಡುತ್ತದೆ.

ಈಗ ಹಣೆಗೆ ಬರೋಣ. ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ. ಹುಬ್ಬಳ್ಳಿಗೆ ನೀರಸಾಗರದಿಂದಲೂ ನೀರು ಬರುತ್ತದೆ, ಸವದತ್ತಿಯ ಕಡೆಯಿಂದ ಮಲಪ್ರಭೆಯ ನೀರೂ ಬರುತ್ತದೆ. ಎರಡೂ ಮೂಲಗಳ ನೀರು ಸಿಗುವ ಓಣಿಯೊಂದನ್ನು ಊಹಿಸಿಕೊಳ್ಳಿ: ಒಂದು ಮೂಲ ನಿಂತರೂ ನಲ್ಲಿ ಬತ್ತುವುದಿಲ್ಲ. ನಮ್ಮ ಹಣೆ ಅಂಥ ಓಣಿ, ಏಕೆಂದರೆ ಅದಕ್ಕೆ ಮಿದುಳಿನ ಎಡ ಮತ್ತು ಬಲ ಎರಡೂ ಭಾಗಗಳಿಂದ ಆಜ್ಞೆ ಬರುತ್ತದೆ. ಬಾಯಿಯ ಸುತ್ತಲಿನ ಸ್ನಾಯುಗಳಿಗಾದರೋ ಬಹುಮಟ್ಟಿಗೆ ಎದುರು ಬದಿಯ ಮಿದುಳೊಂದೇ ಆಧಾರ. ಪಾರ್ಶ್ವವಾಯುವಿನಲ್ಲಿ ಮಿದುಳಿನ ಒಂದು ಬದಿ ಕೆಟ್ಟಾಗ ಬಾಯಿ ಜೋತುಬಿದ್ದರೂ ಹಣೆಯಲ್ಲಿ ಗೆರೆ ಮೂಡುವುದು ಇದರಿಂದಲೇ. ಆದರೆ ಓಣಿಯೊಳಗೆ ಬರುವ ಪೈಪೇ ಒಡೆದರೆ ಎರಡು ಮೂಲಗಳಿದ್ದೂ ಪ್ರಯೋಜನವಿಲ್ಲ. ಬೆಲ್ಸ್ ಪಾಲ್ಸಿಯಲ್ಲಿ, ಅಂದರೆ ಮಿದುಳು ಸರಿಯಿದ್ದೂ ಮುಖದ ಒಂದು ಬದಿ ಸೋಲುವ ಕಾಯಿಲೆಯಲ್ಲಿ, ಕಿವಿಯ ಹಿಂದಿನ ಮೂಳೆಯ ಇಕ್ಕಟ್ಟಾದ ನಾಳದೊಳಗೆ ನರವೇ ಊದಿಕೊಳ್ಳುವುದರಿಂದ ಹಣೆ, ಕಣ್ಣು, ಬಾಯಿ ಮೂರೂ ಒಟ್ಟಿಗೆ ಸೋಲುತ್ತವೆ.

ಇದಕ್ಕಿಂತ ನನ್ನನ್ನು ಹೆಚ್ಚು ಬೆರಗುಗೊಳಿಸಿದ ಸಂಗತಿ ಇನ್ನೊಂದಿದೆ. ಪಾರ್ಶ್ವವಾಯುವಾದ ಕೆಲವರಿಗೆ ಹಲ್ಲು ತೋರಿಸಿ ಎಂದರೆ ಬಾಯಿ ವಾರೆಯಾಗಿಯೇ ಉಳಿಯುತ್ತದೆ, ಆದರೆ ಮೊಮ್ಮಗು ಬಂದು ಮಡಿಲಿಗೆ ಹತ್ತಿದಾಗ ಮುಖದ ಎರಡೂ ಬದಿಯಲ್ಲಿ ಸಮನಾದ ನಗು ಅರಳುತ್ತದೆ. ಬೇಕೆಂದು ನಗುವುದಕ್ಕೂ ತಾನಾಗಿ ಬರುವ ನಗುವಿಗೂ ಮಿದುಳಿನಲ್ಲಿ ಬೇರೆ ಬೇರೆ ದಾರಿಗಳಿವೆ.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಲೇಬೇಕು. ಕನ್ನಡಿಯ ಮುಂದೆ ಹುಬ್ಬೆತ್ತಿ ನೋಡಿ ಮನೆಯಲ್ಲೇ ತೀರ್ಮಾನಿಸಬೇಡಿ, ಏಕೆಂದರೆ ಮಿದುಳುಕಾಂಡದ, ಅಂದರೆ ಮಿದುಳನ್ನು ಬೆನ್ನುಹುರಿಗೆ ಜೋಡಿಸುವ ಭಾಗದ, ಪಾರ್ಶ್ವವಾಯುವಿನಲ್ಲಿ ಹಣೆಯೂ ಸೋಲಬಹುದು. ಪಾರ್ಶ್ವವಾಯುವಿಗೆ ಕಾರಣವಾದ ರಕ್ತದ ಹೆಪ್ಪನ್ನು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ಮೊದಲ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುತ್ತದೆ. ಆದ್ದರಿಂದ ಗದಗ, ಹಾವೇರಿಯ ಹಳ್ಳಿಗಳಿಂದ ಬರುವವರು ನಾಟಿ ಔಷಧಿ, ಎಣ್ಣೆ ತಿಕ್ಕುವುದು ಎಂದು ಹೊತ್ತು ಕಳೆಯುವುದನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಅದರ ಮೇಲೆ, ಬಾಯಿ ಎಳೆದುಕೊಂಡಿರುವುದು ಆರೋಗ್ಯವಾದ ಬದಿಗೆ. ಸೋತದ್ದು ಇನ್ನೊಂದು ಬದಿ. ಎಣ್ಣೆ ತಿಕ್ಕುವವರು ಎಷ್ಟೋ ಸಲ ಒಳ್ಳೆಯ ಕೆನ್ನೆಯನ್ನೇ ತಿಕ್ಕುತ್ತಿರುತ್ತಾರೆ.

ಸಮಯ ಮುಗಿಯುತ್ತಿರುವುದರಿಂದ ಉಳಿದದ್ದನ್ನು ಒಟ್ಟಿಗೆ ಹೇಳುತ್ತೇನೆ. ಬೆಲ್ಸ್ ಪಾಲ್ಸಿಗೆ 72 ಗಂಟೆಯೊಳಗೆ ಪ್ರೆಡ್ನಿಸೊಲೋನ್ ಎಂಬ, ಊತ ಇಳಿಸುವ ಸ್ಟೀರಾಯ್ಡ್ ಔಷಧಿ ಆರಂಭಿಸಿದರೆ ಲಾಭವಿದೆ: ಸ್ಕಾಟ್ಲೆಂಡಿನಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂಬತ್ತು ತಿಂಗಳ ಹೊತ್ತಿಗೆ ಆ ಔಷಧಿ ಪಡೆದವರಲ್ಲಿ ಶೇ. 94ರಷ್ಟು, ಪಡೆಯದವರಲ್ಲಿ ಶೇ. 82ರಷ್ಟು ಮಂದಿ ಪೂರ್ತಿ ಚೇತರಿಸಿಕೊಂಡಿದ್ದರು. ಸಕ್ಕರೆ ಕಾಯಿಲೆ ಇರುವವರು ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು, ಏಕೆಂದರೆ ಈ ಔಷಧಿ ಸಕ್ಕರೆಯನ್ನು ಏರಿಸುತ್ತದೆ. ಮುಚ್ಚದ ಕಣ್ಣಿಗೆ ಹಗಲು ಹನಿ, ರಾತ್ರಿ ಮುಲಾಮು ಹಾಕಿ ರೆಪ್ಪೆಯನ್ನು ಟೇಪಿನಿಂದ ಮುಚ್ಚದಿದ್ದರೆ ಕಾರ್ನಿಯಾ ಒಣಗಿ ಹುಣ್ಣಾಗಬಹುದು. ಕಿವಿಯಲ್ಲಿ ನೋವಿನ ಗುಳ್ಳೆಗಳಿದ್ದರೆ ಅದು ಸರ್ಪಸುತ್ತಿನ ವೈರಸ್ಸಿನ ಕೆಲಸ, ಅದಕ್ಕೆ ವೈರಸ್ ನಿರೋಧಕ ಔಷಧಿಯೂ ಬೇಕು. ಮೂರು ತಿಂಗಳಾದರೂ ಮುಖ ಸರಿಯಾಗದಿದ್ದರೆ, ಬೇರೆ ಕಾರಣ ಅಡಗಿದೆಯೇ ಎಂದು ನೋಡಿಸಲು ಮತ್ತೆ ವೈದ್ಯರ ಬಳಿಗೆ ಹೋಗಿ.