ಹೊಸ ಲ್ಯಾಪ್‌ಟಾಪಾ, ರಿಫರ್ಬಿಶ್ಡಾ? ಮೊದಲು ಜನರೇಷನ್ ಕೇಳಿ

ಎಲ್ಲರಿಗೂ ನಮಸ್ಕಾರ. ಸಮಯ ಕಮ್ಮಿ ಇದೆ, ನೇರ ವಿಷಯಕ್ಕೇ ಬರುತ್ತೇನೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಪೋರ್ಟ್ ಮುಗಿಯಿತು, ಅಂದರೆ ಮಾಮೂಲಿ ಅಪ್‌ಡೇಟ್ ಬರುವುದು ನಿಂತಿತು. ವಿಂಡೋಸ್ 11 ಹಾಕೋಕೆ ಬಾರದ ಮೆಷಿನ್‌ಗಳನ್ನು ಆಫೀಸುಗಳು ಇಟ್ಟುಕೊಂಡು ಏನು ಮಾಡಬೇಕು? ಮಾರುತ್ತವೆ. ಅವು ಒರೆಸಿಕೊಂಡು, ಪಾಲಿಶ್ ಮಾಡಿಸಿಕೊಂಡು, ರಿಫರ್ಬಿಶ್ಡ್ (ಬಳಸಿದ್ದನ್ನು ಸರಿಪಡಿಸಿ ಮತ್ತೆ ಮಾರುವುದು) ಅಂತ ಸ್ಟಿಕರ್ ಅಂಟಿಸಿಕೊಂಡು ನಿಮ್ಮ ಮುಂದೆ ಬಂದು ನಿಲ್ಲುತ್ತವೆ. ಪಕ್ಕದಲ್ಲೇ ನಿಜಕ್ಕೂ ಒಳ್ಳೆಯ ರಿಫರ್ಬಿಶ್ಡ್ ಮೆಷಿನ್‌ಗಳೂ ಇರುತ್ತವೆ. ಹೊರಗಿನಿಂದ ನೋಡಿದರೆ ಎರಡಕ್ಕೂ ವ್ಯತ್ಯಾಸ ಗೊತ್ತಾಗಲ್ಲ. ಇದನ್ನು ಹೇಳಲೇಬೇಕು ಅಂತ ಬಂದಿದ್ದೇನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಕೈಯಲ್ಲಿ ದುಡ್ಡು ಕಮ್ಮಿ ಇದ್ದರೆ, ಆ ದುಡ್ಡಿಗೆ ಸಿಗುವ ಅಗ್ಗದ ಹೊಸ ಲ್ಯಾಪ್‌ಟಾಪ್‌ಗಿಂತ ಆಫೀಸಿನಲ್ಲಿ ಬಳಸಿದ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೈಟ್‌ಬುಕ್ ತರಹದ, ಆಫೀಸುಗಳಿಗೆಂದೇ ಮಾಡಿದ ಮೆಷಿನ್ ಎಷ್ಟೋ ವಾಸಿ. ಷರತ್ತು ಒಂದೇ. ಒಳಗಿನ ಇಂಟೆಲ್ ಚಿಪ್ 8ನೇ ಜನರೇಷನ್‌ಗಿಂತ, ಅಂದರೆ 8ನೇ ಪೀಳಿಗೆಗಿಂತ ಹಳೆಯದು ಬೇಡ. ಇದನ್ನೇ ಇವತ್ತು ನಾಲ್ಕೈದು ಸಲ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಯಾಕೆ 8? ಆಫೀಸ್ ಲ್ಯಾಪ್‌ಟಾಪ್‌ಗಳಲ್ಲಿ ಬರುವ 'ಯು' ಸರಣಿಯ ಐ5 ಚಿಪ್‌ಗೆ 7ನೇ ಜನರೇಷನ್ ತನಕ ಎರಡೇ ಕೋರ್, ಅಂದರೆ ಲೆಕ್ಕ ಮಾಡುವ ಘಟಕ ಇತ್ತು. 2017ರಲ್ಲಿ 8ನೆಯದು ಬಂದಾಗ ನಾಲ್ಕಾಯಿತು. ಒಂದೆರಡು ಅಪವಾದ ಬಿಟ್ಟರೆ ವಿಂಡೋಸ್ 11 ಒಪ್ಪಿಕೊಳ್ಳುವುದೂ ಅಲ್ಲಿಂದ ಮೇಲಕ್ಕೇ. ಮಾರುವವರು ಬರೀ "ಐ5 ಸರ್" ಅಂತಾರೆ, ಅಷ್ಟಕ್ಕೆ ತಲೆ ಆಡಿಸಬೇಡಿ, ಪೂರ್ತಿ ನಂಬರ್ ಕೇಳಿ. ಐ5-7300ಯು ಅಂದರೆ 7ನೆಯದು. ಐ5-8350ಯು ಅಂದರೆ 8ನೆಯದು. ಐ5-1135ಜಿ7 ಅಂತಿದ್ದರೆ ಮೊದಲ ಎರಡು ಅಂಕಿ ನೋಡಿ, ಅದು 11ನೆಯದು. ಇಂಟೆಲ್ ಬದಲು ಎಎಂಡಿ ಕಂಪನಿಯ ಚಿಪ್ ಆದರೆ ಅದು ಮೈಕ್ರೋಸಾಫ್ಟ್‌ನ ವಿಂಡೋಸ್ 11 ಪಟ್ಟಿಯಲ್ಲಿದೆಯಾ ಅಂತ ನೋಡಿಕೊಳ್ಳಿ. "ಇದು 6ನೇ ಜನರೇಷನ್, ಆದ್ರೂ ವಿಂಡೋಸ್ 11 ಹಾಕಿ ಕೊಟ್ಟಿದ್ದೀವಿ" ಅನ್ನುವವರೂ ಇದ್ದಾರೆ. ಪರೀಕ್ಷೆ ತಪ್ಪಿಸಿ ಹಾಕಬಹುದು, ಓಡುತ್ತದೆ ಕೂಡ. ಆದರೆ ಹಾಗೆ ಹಾಕಿದ್ದಕ್ಕೆ ಅಪ್‌ಡೇಟ್ ಬರುವ ಗ್ಯಾರಂಟಿ ಇಲ್ಲ ಅಂತ ಮೈಕ್ರೋಸಾಫ್ಟೇ ಹೇಳಿದೆ.

ಈಗ ನಮ್ಮ ಅಕ್ಕನ ಮಗಳ ಕಥೆ ಹೇಳಬೇಕು. ಡಿಗ್ರಿ ಸೇರುವಾಗ ಮನೆಯವರು ಹೊಸ ಲ್ಯಾಪ್‌ಟಾಪ್ ಕೊಡಿಸಿದರು. ಮಗುವಿಗೆ ಹಳೇದು ಯಾಕೆ ಅಂತ. ತೆಳ್ಳಗಿತ್ತು, ಬಣ್ಣ ಚೆನ್ನಾಗಿತ್ತು, ಪೆಟ್ಟಿಗೆ ಬಿಚ್ಚಿದಾಗ ಎಲ್ಲರೂ ಸುತ್ತ ನಿಂತು ನೋಡಿದರು. ಒಳಗಿದ್ದದ್ದು 4 ಜಿಬಿ ರ‍್ಯಾಮ್, 64 ಜಿಬಿ ಇಎಂಎಂಸಿ, ಅಂದರೆ ಅಗ್ಗದ ಸ್ಟೋರೇಜ್. ಕೆಲವೇ ತಿಂಗಳಲ್ಲಿ ವಿಂಡೋಸ್ ಅಪ್‌ಡೇಟ್ ಬಂತು, ಜಾಗ ಇಲ್ಲ ಅಂತ ನಿಂತಿತು. ಅವಳು ಫೋಟೋ ಅಳಿಸಿದಳು, ಆಮೇಲೆ ವಿಡಿಯೋ, ಕೊನೆಗೆ ಪ್ರಾಜೆಕ್ಟ್ ಫೈಲ್‌ಗಳನ್ನೂ ಪೆನ್‌ಡ್ರೈವ್‌ಗೆ ಹಾಕಿದಳು. "ಮಾಮ, ಇದರಲ್ಲಿ ಇನ್ನೇನೂ ಉಳಿದಿಲ್ಲ, ಆದ್ರೂ ಫುಲ್ ಅಂತಿದೆ" ಅಂತ ಫೋನ್ ಮಾಡಿದಳು. ಹೋಗಿ ಕೆಳಗಿನ ಮುಚ್ಚಳ ತೆಗೆದು ನೋಡಿದೆವು. ರ‍್ಯಾಮ್ ಬೋರ್ಡ್‌ಗೇ ಬೆಸುಗೆ ಹಾಕಿತ್ತು. ಸ್ಟೋರೇಜೂ ಹಾಗೇ. ಎಸ್‌ಎಸ್‌ಡಿ ಸಿಕ್ಕಿಸೋಣ ಅಂದರೆ ಸ್ಲಾಟೇ ಇಲ್ಲ. ಮಾಡೋಕೆ ಏನೂ ಇರಲಿಲ್ಲ, ಮುಚ್ಚಳ ಮುಚ್ಚಿದೆವು.

ಅದೇ ಹೊತ್ತಿಗೆ ಅವಳ ಗೆಳತಿ ಒಂದು ರಿಫರ್ಬಿಶ್ಡ್ ಥಿಂಕ್‌ಪ್ಯಾಡ್ ಟಿ480 ತಂದಳು. 2018ರ ಮಾಡೆಲ್, 8ನೇ ಜನರೇಷನ್. ಮೂಲೆಯಲ್ಲಿ ಬಣ್ಣ ಹೋಗಿತ್ತು, ಕೀಬೋರ್ಡ್ ಸವೆದು ಹೊಳೆಯುತ್ತಿತ್ತು. ಆದರೆ ಅದರಲ್ಲಿ ರ‍್ಯಾಮ್‌ಗೆ ಎರಡು ಸ್ಲಾಟ್ ಇವೆ, ಹಿಂದಿನ ಬ್ಯಾಟರಿ ಲಾಚ್ ಎಳೆದರೆ ಕೈಗೆ ಬರುತ್ತದೆ. ಸ್ಕ್ರೂ ಬಿಚ್ಚಿ, ಇನ್ನೊಂದು 8 ಜಿಬಿ ಸಿಕ್ಕಿಸಿದೆವು, 16 ಆಯಿತು. ನಮ್ಮ ಹುಡುಗಿ ಪಕ್ಕದಲ್ಲೇ ನಿಂತು ನೋಡುತ್ತಿದ್ದಳು. ಪಾಪ, ಒಂದು ಮಾತೂ ಆಡಲಿಲ್ಲ. ಅವತ್ತಿನಿಂದ ಯಾರು ಸಲಹೆ ಕೇಳಿದರೂ ನಾನು ಎರಡೇ ಪ್ರಶ್ನೆ ಕೇಳುತ್ತೇನೆ. ಯಾವ ಜನರೇಷನ್? ಬಿಚ್ಚಿದರೆ ಒಳಗೆ ಏನೇನು ಬದಲಾಯಿಸಬಹುದು?

ಕೊಳ್ಳುವಾಗ ನೋಡಬೇಕಾದ್ದು. 'ಎ ಗ್ರೇಡ್' ಅನ್ನೋದು ಸಾಮಾನ್ಯವಾಗಿ ಮೈಮೇಲಿನ ಗೀರುಗಳ ಲೆಕ್ಕ, ಬ್ಯಾಟರಿ ಬಗ್ಗೆ ಅದು ಏನೂ ಹೇಳಲ್ಲ. ಬ್ಯಾಟರಿಗೆ ಬೇರೆ ದಾರಿ ಇದೆ. ಕಮಾಂಡ್ ಪ್ರಾಂಪ್ಟ್ ತೆರೆದು ಪವರ್‌ಸಿಎಫ್‌ಜಿ, ಒಂದು ಸ್ಪೇಸ್, ಸ್ಲ್ಯಾಶ್, ಬ್ಯಾಟರಿರಿಪೋರ್ಟ್ (powercfg /batteryreport) ಅಂತ ಹೊಡೆಯಿರಿ. ಒಂದು ಫೈಲ್ ಬರುತ್ತದೆ. ಅದರಲ್ಲಿ ಡಿಸೈನ್ ಕೆಪಾಸಿಟಿ, ಫುಲ್ ಚಾರ್ಜ್ ಕೆಪಾಸಿಟಿ ಅಂತ ಎರಡು ಅಂಕಿ ಇರುತ್ತವೆ. ಮೊದಲನೆಯದು 50,000 ಇದ್ದು ಎರಡನೆಯದು 31,000 ಇದ್ದರೆ ಬ್ಯಾಟರಿ ಶೇ. 62ಕ್ಕೆ ಇಳಿದಿದೆ ಅಂತ ಅರ್ಥ. ಹೊಸ ಬ್ಯಾಟರಿ ಹಾಕಿಸಿಕೊಡಿ ಅಂತ ಕೇಳಿ, ನಾಚಿಕೆ ಬೇಡ. ಆಮೇಲೆ ಲಾಕ್. ಬಯೋಸ್‌ಗೆ, ಅಂದರೆ ವಿಂಡೋಸ್‌ಗಿಂತ ಮೊದಲು ಓಡುವ ಸಾಫ್ಟ್‌ವೇರ್‌ಗೆ, ಪಾಸ್‌ವರ್ಡ್ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಇನ್ನು ಕೆಲವು ಮೆಷಿನ್‌ಗಳು ಹಳೇ ಕಂಪನಿಯ ಹೆಸರಿನಲ್ಲೇ ನೋಂದಣಿಯಾಗಿ ಉಳಿದಿರುತ್ತವೆ. ರೀಸೆಟ್ ಮಾಡಿ ಇಂಟರ್ನೆಟ್‌ಗೆ ಸೇರಿಸಿದ ಕೂಡಲೇ ಆ ಕಂಪನಿಯ ಲಾಗಿನ್ ಕೇಳುತ್ತವೆ. ಅದಕ್ಕೇ ದುಡ್ಡು ಕೊಡುವ ಮುಂಚೆ ನಿಮ್ಮ ಎದುರಿಗೇ ರೀಸೆಟ್ ಮಾಡಿಸಿ, ವೈಫೈ ಹಾಕಿಸಿ. ವಾರಂಟಿ ಬಾಯಿಮಾತಿನಲ್ಲಿ ಬೇಡ, ಬಿಲ್ ಮೇಲೆ ಬರೆಸಿಕೊಳ್ಳಿ.

ಇನ್ನೊಂದು ವಿಷಯ ಬಿಡೋಕೆ ಮನಸ್ಸಿಲ್ಲ. 2022ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ ಆಯಿತು ಅಂತ ವಿಶ್ವಸಂಸ್ಥೆಯ ವರದಿ ಹೇಳುತ್ತದೆ. ಸರಿಯಾಗಿ ಸಂಗ್ರಹಿಸಿ ಮರುಬಳಕೆ ಮಾಡಿದ ದಾಖಲೆ ಇರುವುದು ಅದರಲ್ಲಿ ಶೇ. 22.3ಕ್ಕೆ ಮಾತ್ರ. ಲ್ಯಾಪ್‌ಟಾಪ್‌ನಿಂದ ಆಗುವ ಇಂಗಾಲದ ಹೊರೆಯಲ್ಲಿ ಬಹುಪಾಲು ಅದನ್ನು ತಯಾರಿಸುವಾಗಲೇ ಆಗಿಹೋಗಿರುತ್ತದೆ. ಚೆನ್ನಾಗಿರುವ ಮೆಷಿನ್ ಇನ್ನೂ ನಾಲ್ಕು ವರ್ಷ ಓಡಿದರೆ ಅಷ್ಟು ದಿನ ಇನ್ನೊಂದು ತಯಾರಿಸುವುದು ತಪ್ಪುತ್ತದೆ, ಅಲ್ವಾ?

ಸಮಯ ಆಯಿತು ಅಂತ ಸನ್ನೆ ಮಾಡುತ್ತಿದ್ದಾರೆ. ಹೊಸದು ಯಾರಿಗೆ ಬೇಕು ಅನ್ನೋದನ್ನು ಬೇಗ ಹೇಳಿಬಿಡುತ್ತೇನೆ. ವಿಡಿಯೋ ಎಡಿಟಿಂಗ್, ಭಾರಿ ಗೇಮ್, ದಿನವಿಡೀ ಚಾರ್ಜರ್ ಇಲ್ಲದೆ ಓಡಾಟ, ಇಂಥದ್ದಕ್ಕೆ ಹೊಸದೇ ಸರಿ. ಆಗಲೂ 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿಗೆ ಕಡಿಮೆ ಬೇಡ. ಮನೆಯಲ್ಲೇ 7ನೇ ಜನರೇಷನ್‌ದು ಬಿದ್ದಿದ್ದರೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನುವ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿ ಬಳಸಿ. ಆದರೆ ದುಡ್ಡು ಕೊಟ್ಟು ತರುವುದಾದರೆ 8ಕ್ಕಿಂತ ಕೆಳಗೆ ಬೇಡ.

ಮ್ಯಾಕ್ ಬಗ್ಗೆ ಒಂದು ಚೀಟಿ ಬಂದಿದೆ. 2020ರ ನವೆಂಬರ್‌ನಲ್ಲಿ ಬಂದ, ಆಪಲ್‌ನದೇ ಎಂ1 ಚಿಪ್ ಇರುವುದು ಅಥವಾ ಅದಕ್ಕಿಂತ ಹೊಸದನ್ನೇ ನೋಡಿ, ಇಂಟೆಲ್ ಮ್ಯಾಕ್‌ಗಳಿಗೆ ಮ್ಯಾಕ್‌ಒಎಸ್ 26 ಕೊನೆಯದು ಅಂತ ಆಪಲ್ ಹೇಳಿಯಾಗಿದೆ. ಎಂ1 ಮ್ಯಾಕ್‌ಗಳಲ್ಲಿ ರ‍್ಯಾಮ್ ಆಮೇಲೆ ಹೆಚ್ಚಿಸೋಕೆ ಬರಲ್ಲ, ಮತ್ತೆ ಹಳೇ ಮಾಲೀಕರ ಆಪಲ್ ಅಕೌಂಟನ್ನು ನಿಮ್ಮ ಎದುರಿಗೇ ತೆಗೆಸಿ. ಉಳಿದ ಚೀಟಿಗಳಿಗೆ ಹೊರಗೆ ಉತ್ತರ ಕೊಡುತ್ತೇನೆ. ಲ್ಯಾಪ್‌ಟಾಪ್ ತಂದಿರುವವರು ಅಲ್ಲೇ ಬನ್ನಿ, ಬ್ಯಾಟರಿ ರಿಪೋರ್ಟ್ ತೆಗೆದು ನೋಡೋಣ.