ಯುದ್ಧಕ್ಕೆ ಹೂಂ ಅನ್ನಬೇಕಾದವರು ಯಾರು?

ನಮಸ್ಕಾರ. ಅಮೆರಿಕದ ಸಂವಿಧಾನ ಯುದ್ಧ ಸಾರುವ ಅಧಿಕಾರ ಕೊಟ್ಟಿರುವುದು ಕಾಂಗ್ರೆಸ್‌ಗೆ, ಅಂದರೆ ಅಲ್ಲಿನ ಸಂಸತ್ತಿಗೆ. ಅಧ್ಯಕ್ಷರಿಗಲ್ಲ. ಆ ಸಂಸತ್ತು ಕೊನೆಯ ಸಲ ಯುದ್ಧ ಘೋಷಿಸಿದ್ದು 1942ರಲ್ಲಿ. ಆಮೇಲೆ ಎಷ್ಟು ಯುದ್ಧ ನಡೆದಿದೆ, ನೀವೇ ಯೋಚಿಸಿ.

ವಿಯೆಟ್ನಾಂನಲ್ಲಿ 58 ಸಾವಿರಕ್ಕೂ ಜಾಸ್ತಿ ಅಮೆರಿಕನ್ ಸೈನಿಕರು ಸತ್ತರು. ವಿಯೆಟ್ನಾಂ ಜನ ಸತ್ತಿದ್ದು ಲಕ್ಷಗಟ್ಟಲೆ. ಆ ಸಿಟ್ಟಿನಲ್ಲೇ 1973ರಲ್ಲಿ ಅಧ್ಯಕ್ಷರ ಯುದ್ಧದ ಅಧಿಕಾರಕ್ಕೆ ಕಡಿವಾಣ ಹಾಕುವ ಕಾನೂನು (ವಾರ್ ಪವರ್ಸ್ ರೆಸಲ್ಯೂಷನ್) ಬಂತು. ಆಗಿನ ಅಧ್ಯಕ್ಷ ನಿಕ್ಸನ್ ವೀಟೋ ಹಾಕಿದರೂ ಎರಡೂ ಸದನಗಳು ಪಟ್ಟು ಬಿಡಲಿಲ್ಲ. ಸೈನ್ಯವನ್ನು ಕಾಳಗಕ್ಕೆ ಇಳಿಸಿದರೆ 48 ಗಂಟೆಯೊಳಗೆ ಸಂಸತ್ತಿಗೆ ತಿಳಿಸಬೇಕು. 60 ದಿನದಲ್ಲಿ ಒಪ್ಪಿಗೆ ಸಿಗದಿದ್ದರೆ ನಿಲ್ಲಿಸಬೇಕು. ಸೈನಿಕರನ್ನು ಸುರಕ್ಷಿತವಾಗಿ ವಾಪಸ್ ಕರೆಸಲು ಬೇಕಾದರೆ ಇನ್ನೂ 30 ದಿನ.

ಒಳ್ಳೆಯ ಕಾನೂನು. ಆದರೆ 2011ರಲ್ಲಿ ಲಿಬಿಯಾದ ಮೇಲೆ ದಾಳಿ 60 ದಿನ ದಾಟಿತು. ಒಪ್ಪಿಗೆ ಇರಲಿಲ್ಲ. ನೆಲದ ಮೇಲೆ ನಮ್ಮ ಸೈನ್ಯ ಹೋರಾಡುತ್ತಿಲ್ಲ, ಹಾಗಾಗಿ ಈ ಕಾನೂನಿನ ಗಡುವು ನಮಗೆ ಅನ್ವಯಿಸಲ್ಲ ಅಂತ ಒಬಾಮ ಸರ್ಕಾರ ವಾದಿಸಿತು. ನನಗೆ ಇದು ಒಪ್ಪಿಗೆಯಾಗಲ್ಲ. ಬಾಂಬ್ ಬೀಳುವ ಊರಿನವರಿಗೆ ಅದು ಯುದ್ಧವೇ ಅಲ್ವಾ?

ಇದಕ್ಕಿಂತ ದೊಡ್ಡ ಪೆಟ್ಟು 1983ರಲ್ಲೇ ಬಿದ್ದಿತ್ತು. ವಲಸೆಗೆ ಸಂಬಂಧಿಸಿದ ಒಂದು ಕೇಸಿನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಅದು. ಅಧ್ಯಕ್ಷರ ಮುಂದೆ ಹೋಗದ ನಿರ್ಣಯಕ್ಕೆ ಕಾನೂನಿನ ಬಲ ಇಲ್ಲ ಎಂದಿತು. ಪರಿಣಾಮ ನೋಡಿ. ಯುದ್ಧ ನಿಲ್ಲಿಸಿ ಅನ್ನುವ ನಿರ್ಣಯಕ್ಕೂ ಯುದ್ಧ ನಡೆಸುತ್ತಿರುವವರ ಸಹಿಯೇ ಬೇಕು! 2019ರಲ್ಲಿ ಯೆಮೆನ್ ವಿಷಯದಲ್ಲಿ ಹೀಗೇ ಆಯಿತು. ಸೌದಿ ನಡೆಸುತ್ತಿದ್ದ ಯುದ್ಧಕ್ಕೆ ನೆರವು ಸಾಕು ಅಂತ ಎರಡೂ ಸದನಗಳು ಹೇಳಿದವು. ಟ್ರಂಪ್ ವೀಟೋ ಹಾಕಿದರು. ಅದನ್ನು ಮೀರಲು ಮೂರನೇ ಎರಡರಷ್ಟು ಮತ ಬೇಕಿತ್ತು. ಸೆನೆಟ್‌ನಲ್ಲಿ ಸಿಕ್ಕಿದ್ದು 53. ವಿರುದ್ಧ 45. ಬಹುಮತ ಇದ್ದೂ ಸೋಲು.

ದಿಢೀರ್ ದಾಳಿಯಾದರೆ ಅಧ್ಯಕ್ಷರು ಮತಕ್ಕೆ ಕಾಯೋಕಾಗಲ್ಲ, ಒಪ್ಪುತ್ತೇನೆ. ಅದಕ್ಕೇ ತಾನೇ 60 ದಿನ ಕೊಟ್ಟಿರುವುದು? ಸಂಸತ್ತು ಸುಮ್ನೆ ಕೂತರೆ ಯುದ್ಧ ನಿಲ್ಲಬೇಕು, ಮುಂದುವರಿಯಬಾರದು. 61ನೇ ದಿನ ದುಡ್ಡು ತಾನಾಗಿಯೇ ನಿಲ್ಲುವಂತೆ ಕಾನೂನು ತಿದ್ದಬೇಕು. ಖಜಾನೆಯ ಬೀಗ ಇವತ್ತಿಗೂ ಸಂಸತ್ತಿನ ಕೈಯಲ್ಲೇ ಇದೆ. ಅಲ್ಲಿ ಮತ ಹಾಕುವ ನಮ್ಮ ಕನ್ನಡಿಗರೇ, ನಿಮ್ಮ ಪ್ರತಿನಿಧಿ ಈ ತಿದ್ದುಪಡಿಗೆ ಕೈ ಎತ್ತುತ್ತಾರಾ? ಚುನಾವಣೆಗೆ ಮುಂಚೆಯೇ ಕೇಳಿ.