ಲಾಡಿಯ ಗಂಟು

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಚಿಕ್ಕಮ್ಮ ಸಿಗರೇಟು ಸೇದುತ್ತಿದ್ದರು. ಇದನ್ನು ರೇಡಿಯೋದಲ್ಲಿ ಹೇಳಲಾ ಅಂತ ಅವರನ್ನೇ ಕೇಳಿದೆ. "ಹೇಳು, ನನ್ನ ಹೆಸರು ಮಾತ್ರ ಬೇಡ" ಅಂದರು.

ಶಿಡ್ಲಘಟ್ಟದ ಒಂದು ಫಿಲೇಚರ್‌ನಲ್ಲಿ ಅವರು ಮೂವತ್ತು ವರ್ಷ ರೇಷ್ಮೆ ನೂಲು ತೆಗೆದವರು. ಬಿಸಿನೀರಿನಲ್ಲಿ ಕೈಯಿಟ್ಟು ಗೂಡಿನ ಎಳೆ ಹುಡುಕುವ ಕೆಲಸ. ಬೆರಳ ತುದಿಯೆಲ್ಲ ಬಿಳಿಚಿಕೊಂಡು ಬಿರಿದಿರುತ್ತಿತ್ತು. ಬೆಂದ ಹುಳುವಿನ ವಾಸನೆ ಮನೆಗೆ ಬಂದರೂ ಮೂಗು ಬಿಡುತ್ತಿರಲಿಲ್ಲ. ಆ ವಾಸನೆ ತಡೆಯಲಾರದೆ ಶುರುವಾದ ಸಿಗರೇಟು ದಿನಕ್ಕೆ ಐದಾರಕ್ಕೆ ಬಂತು. ಎಲ್ಲರೂ ಮಲಗಿದ ಮೇಲೆ ಬಚ್ಚಲುಮನೆ ಹಿಂದೆ ನಿಂತು ಸೇದೋರು. ಆಮೇಲೆ ಬಾಯಿಗೆ ಎರಡು ಲವಂಗ. ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಯಾರೂ ಬಾಯಿ ಬಿಡುತ್ತಿರಲಿಲ್ಲ.

52ನೇ ವಯಸ್ಸಿನಲ್ಲಿ ಅವರಿಗೆ ಹೊಟ್ಟೆ ಉಬ್ಬರ ಶುರುವಾಯಿತು. ಅರ್ಧ ಮುದ್ದೆ ತಿನ್ನುವಷ್ಟರಲ್ಲಿ ಸಾಕು ಅನ್ನೋರು. ರಾತ್ರಿ ನಾಲ್ಕು ಸಲ ಒಂದಕ್ಕೆ ಏಳೋರು. ಗ್ಯಾಸ್ ಇರಬೇಕು ಅಂತ ಜೀರಿಗೆ ಕಷಾಯ ಆಯಿತು, ಓಮದ ನೀರು ಆಯಿತು, ಮೆಡಿಕಲ್ ಸ್ಟೋರಿನ ಮಾತ್ರೆ ಆಯಿತು. ಹೀಗೇ ಮೂರು ತಿಂಗಳು ಹೋಯಿತು.

ಒಂದು ದಿನ ಅವರು ಸೀರೆ ಉಡುವಾಗ ನಾನು ಪಕ್ಕದಲ್ಲಿದ್ದೆ. ಲಂಗದ ಲಾಡಿಯಲ್ಲಿ ಹಳೇ ಗಂಟು ಬೀಳುತ್ತಿದ್ದ ಜಾಗ ಸವೆದು ಕಪ್ಪಾಗಿತ್ತು. ಈಗಿನ ಗಂಟು ಅಲ್ಲಿಂದ ಒಂದು ಗೇಣು ಆಚೆ, ಲಾಡಿಯ ತುದಿಗೇ ಬಂದಿತ್ತು. ತೋಳು ಮಾತ್ರ ಬಳೆ ಜಾರುವಷ್ಟು ಸಣ್ಣಗಾಗಿತ್ತು. ಹೊಟ್ಟೆಯೊಂದೇ ಬೆಳೆದಿತ್ತು. ಮೂರು ತಿಂಗಳಿಂದ ದಿನಾ ನೋಡುತ್ತಿದ್ದೆ, ಕಣ್ಣಿಗೆ ಬಿದ್ದಿದ್ದು ಅವತ್ತು. ಆ ಸಂಕಟ ನನಗೆ ಇನ್ನೂ ಹೋಗಿಲ್ಲ.

ಸ್ಕ್ಯಾನಿಂಗ್ ಮಾಡಿಸಿದೆವು. ಅಂಡಾಶಯ ಅಂದರೆ ಗರ್ಭಕೋಶದ ಎರಡೂ ಪಕ್ಕ ಒಂದೊಂದು ಇರುತ್ತದಲ್ಲ, ಸುಮಾರು ಬಾದಾಮಿ ಗಾತ್ರದ್ದು. ಎಡಗಡೆಯದು ಸಣ್ಣ ಕುಂಬಳಕಾಯಿಯಷ್ಟಾಗಿತ್ತು. ಆಪರೇಷನ್ ಆಗಲೇಬೇಕು ಅಂದರು.

ಹಿಂದಿನ ಸಂಜೆ ಅರಿವಳಿಕೆ ಕೊಡುವ ಡಾಕ್ಟರ್ ಬಂದರು, ಒಬ್ಬ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಬಿಪಿ, ಶುಗರ್ ಎಲ್ಲ ಕೇಳಿ, "ಬೀಡಿ, ಸಿಗರೇಟು ಏನಾದರೂ ಇದೆಯಾ ಅಮ್ಮ?" ಅಂದರು. ಅಲ್ಲೇ ನಿಂತಿದ್ದ ನಮ್ಮ ಮಾವ, "ನಮ್ಮ ಮನೇಲಿ ಹೆಂಗಸರು ಅದೆಲ್ಲ ಮುಟ್ಟಲ್ಲ ಮೇಡಂ" ಅಂದುಬಿಟ್ಟರು. ಡಾಕ್ಟರ್ ಬರೆದುಕೊಂಡು ಎದ್ದರು. ಆಗ ಚಿಕ್ಕಮ್ಮ ಅವರ ಕೈ ಹಿಡಿದುಕೊಂಡರು. "ಡಾಕ್ಟ್ರಮ್ಮ, ನಮ್ಮಣ್ಣನ್ನ ಸ್ವಲ್ಪ ಆಚೆ ಕಳಿಸಿ."

ಅವರು ಹೇಳಿದ್ದು ಬಹಳ ಒಳ್ಳೆಯದಾಯಿತು. ಸೇದುವವರ ಶ್ವಾಸಕೋಶಕ್ಕೆ ಅರಿವಳಿಕೆ ಹೊತ್ತಿನಲ್ಲಿ ತೊಂದರೆ ಜಾಸ್ತಿ. ಗಾಯ ಮಾಯುವುದೂ ನಿಧಾನ. ಗೊತ್ತಿದ್ದರೆ ಡಾಕ್ಟರು ಅದಕ್ಕೆ ತಯಾರಾಗಿರುತ್ತಾರೆ.

ತೆಗೆದ ಗೆಡ್ಡೆಯ ರಿಪೋರ್ಟಿನಲ್ಲಿ ಮ್ಯೂಸಿನಸ್ ಕ್ಯಾನ್ಸರ್ ಅಂತ ಬಂತು. ಅಂದರೆ ಲೋಳೆಯಂಥ ದ್ರವ ತುಂಬಿಕೊಳ್ಳುವ ಬಗೆ. ಅಂಡಾಶಯದ ಕ್ಯಾನ್ಸರಿನಲ್ಲಿ ಹಲವು ಬಗೆಗಳಿವೆ, ಇದು ಅಪರೂಪದ್ದು. ಸಿಗರೇಟಿಗೂ ಇದಕ್ಕೂ ನಂಟಿದೆ ಅಂತ ನನಗೆ ಗೊತ್ತಾಗಿದ್ದೇ ಆಗ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2009ರಲ್ಲೇ ತಂಬಾಕಿನ ಹೊಗೆ ಈ ಬಗೆಯ ಕ್ಯಾನ್ಸರಿಗೆ ಕಾರಣ ಅಂತ ತೀರ್ಮಾನಿಸಿತ್ತು. 2012ರಲ್ಲಿ ಸಂಶೋಧಕರು 51 ಅಧ್ಯಯನಗಳನ್ನು ಒಟ್ಟು ಸೇರಿಸಿ, ಅಂಡಾಶಯದ ಕ್ಯಾನ್ಸರ್ ಬಂದ 28 ಸಾವಿರಕ್ಕೂ ಹೆಚ್ಚು ಹೆಂಗಸರ ಲೆಕ್ಕ ನೋಡಿದರು. ಸೇದುವವರಲ್ಲಿ ಮ್ಯೂಸಿನಸ್ ಬಗೆ ಶೇಕಡಾ 79ರಷ್ಟು ಜಾಸ್ತಿ ಕಂಡಿತು.

ಈ 79 ಕೇಳಿ ಗಾಬರಿ ಬೇಡ. ಸೇದುವ ನೂರು ಜನರಲ್ಲಿ 79 ಜನಕ್ಕೆ ಬರುತ್ತದೆ ಅಂತ ಅಲ್ಲ. ಸೇದದ ಲಕ್ಷಾಂತರ ಹೆಂಗಸರಲ್ಲಿ 100 ಜನಕ್ಕೆ ಬಂದರೆ, ಅಷ್ಟೇ ಮಂದಿ ಸೇದುವವರಲ್ಲಿ 179 ಜನಕ್ಕೆ ಬರುತ್ತದೆ ಅಂತ. ತುಂಬ ಜನಕ್ಕೆ ಬರುವ ಸೀರಸ್ ಅನ್ನುವ ಬಗೆಯನ್ನು ಸಿಗರೇಟು ಹೆಚ್ಚಿಸಲಿಲ್ಲ. ಇನ್ನೆರಡು ಬಗೆ ಸೇದುವವರಲ್ಲಿ ಸ್ವಲ್ಪ ಕಮ್ಮಿಯೇ ಇತ್ತು. ಇದನ್ನೂ ಮುಚ್ಚಿಡದೆ ಹೇಳಬೇಕು ಅಲ್ವಾ? ಹಾಗಂತ ಸಮಾಧಾನ ಪಡುವ ಹಾಗಿಲ್ಲ. ಗರ್ಭಕೋಶದ ಬಾಯಿಯ ಕ್ಯಾನ್ಸರ್, ಶ್ವಾಸಕೋಶದ ಕ್ಯಾನ್ಸರ್, ಹೃದಯಾಘಾತ ಎಲ್ಲಕ್ಕೂ ಅದೇ ಹೊಗೆ ಒಂದು ಕಾರಣ.

ಎಳೆದ ಹೊಗೆ ಎದೆಯಲ್ಲೇ ಉಳಿಯುವುದಿಲ್ಲ. ಅದು ರಕ್ತಕ್ಕೆ ಸೇರುತ್ತದೆ. ಸೇದುವ ಹೆಂಗಸರ ಅಂಡಾಶಯದಲ್ಲಿ ಅಂಡಾಣುವಿನ ಸುತ್ತ ಇರುವ ನೀರಿನಲ್ಲೂ ನಿಕೋಟಿನ್‌ನ ಅಂಶ ಸಿಕ್ಕಿದೆ. ಸೇದುವವರಿಗೆ ಮುಟ್ಟು ನಿಲ್ಲುವುದೂ ಒಂದೆರಡು ವರ್ಷ ಮುಂಚೆ.

ಚಿಕ್ಕಮ್ಮನಿಗೆ ಸಿಗರೇಟಿನಿಂದಲೇ ಬಂತಾ? ಒಬ್ಬರ ವಿಷಯದಲ್ಲಿ ಹಾಗೆ ಖಚಿತವಾಗಿ ಹೇಳಲಾಗದು. ಪುಣ್ಯಕ್ಕೆ ಗೆಡ್ಡೆ ಅಂಡಾಶಯ ದಾಟಿರಲಿಲ್ಲ. ಆಪರೇಷನ್ ಆಗಿ ಆರು ವರ್ಷವಾಯಿತು, ಗಟ್ಟಿಯಾಗಿದ್ದಾರೆ. ಸಿಗರೇಟು ಬಿಟ್ಟಿದ್ದಾರೆ. ಮೊದಲ ತಿಂಗಳು ಬಹಳ ಕಷ್ಟವಾಯಿತು. ರಾತ್ರಿ ಎದ್ದು ಬಚ್ಚಲುಮನೆ ಹಿಂದೆ ಹೋಗಿ ಸುಮ್ನೆ ನಿಂತು ಬರೋರು. ನಾನೂ ಜೊತೆಗೆ ಹೋಗಿ ನಿಲ್ಲುತ್ತಿದ್ದೆ.

ಅಕ್ಕಂದಿರೇ, ತಂಗಿಯರೇ, ಹೊಟ್ಟೆ ಉಬ್ಬರ, ಬೇಗ ಹೊಟ್ಟೆ ತುಂಬಿದಂತಾಗುವುದು, ಕಿಬ್ಬೊಟ್ಟೆ ನೋವು, ಪದೇ ಪದೇ ಮೂತ್ರಕ್ಕೆ ಹೋಗುವುದು, ಇದು ಹೊಸದಾಗಿ ಶುರುವಾಗಿ ಎರಡು ಮೂರು ವಾರವಾದರೂ ಬಿಡದಿದ್ದರೆ ಹೆರಿಗೆ ಡಾಕ್ಟರ ಹತ್ತಿರ ಹೋಗಿ. ಬಹಳಷ್ಟು ಸಲ ಬೇರೇನೋ ಸಣ್ಣ ತೊಂದರೆ ಇರುತ್ತದೆ, ಆದರೂ ಹೋಗಿ. ಪ್ಯಾಪ್ ಟೆಸ್ಟ್ ಮಾಡಿಸಿದ್ದೀನಲ್ಲ ಅಂತ ಸುಮ್ಮನಿರಬೇಡಿ. ಅದು ಗರ್ಭಕೋಶದ ಬಾಯಿಯನ್ನು ನೋಡುವ ಪರೀಕ್ಷೆ, ಅಂಡಾಶಯದ್ದು ಅದರಲ್ಲಿ ತಿಳಿಯುವುದಿಲ್ಲ. ಅಮ್ಮನಿಗೋ ಅಕ್ಕನಿಗೋ ಅಂಡಾಶಯದ ಅಥವಾ ಸ್ತನದ ಕ್ಯಾನ್ಸರ್ ಬಂದಿದ್ದರೆ ಅದನ್ನೂ ಹೇಳಿ. ಸೇದುತ್ತಿದ್ದರೆ ಅದನ್ನೂ ಹೇಳಿ. ಜೊತೆಗೆ ಬಂದವರ ಮುಂದೆ ಹೇಳಲು ಆಗದಿದ್ದರೆ, ಅವರನ್ನು ಆಚೆ ಕಳಿಸಿ ಅಂತ ಕೇಳಿ.

ಸಿಗರೇಟು ಬಿಡಬೇಕು ಅನ್ನುವವರು ಸಹಾಯವಾಣಿಯ ಈ ನಂಬರ್ ಬರೆದುಕೊಳ್ಳಿ. ದುಡ್ಡು ಹಿಡಿಯುವುದಿಲ್ಲ, ಕನ್ನಡದಲ್ಲೇ ಮಾತಾಡಬಹುದು. 1800 11 2356. ಇನ್ನೊಂದು ಸಲ ಹೇಳುತ್ತೇನೆ, 1800 11 2356.

ನಮಸ್ಕಾರ.